ಹೆಣ ದಾಟದ ಕೂಸು

“ಎದ್ದೇಳ್ಲಾ ಬೋಳಿಮಗ್ನೆ. ನಿಮ್ಮಪ್ಪ ಹಾಸಿಕೊಟ್ಟ ಹಾಸಿಗೆ ಅಂದ್ಕಂಡಿದ್ದೀಯಾ?”

ಮೇಸ್ತ್ರಿ ಬಾಲ್ದೊ ಹೀಗೆ ಒದರುವಾಗ ತಿಬೊ ಲಾರಿಗೆ ಆನಿಸಿದ ಹಲಗೆಯ ಬುಡದಲ್ಲಿ ಬೋರಲು ಬಿದ್ದಿದ್ದ. ಹೆಗಲ ಮೇಲಿನ ಕಬ್ಬಿನ ಹೊರೆ ಬಿಚ್ಚಿ ಅವನ ಬೆನ್ನ ಮೇಲೆಯೇ ಚೆಲ್ಲಿತ್ತು. ತಿಬೊ ಸಣಕಲ. ಹೊರೆ ಹೊತ್ತು ಆ ಕಿರಿದಾದ ಹಲಗೆ ಹತ್ತುವುದು ಅವನ ಮೈಗೆ ಒಗ್ಗುವ ಕೆಲಸವಲ್ಲ ಎಂದು ಬಾಲ್ದೊನಿಗೂ ಗೊತ್ತಿತ್ತು. ಗೊತ್ತಿದ್ದೇ ಹತ್ತಿಸುತ್ತಿದ್ದ.

“ಎರಡು ಕಾಲಲ್ಲಿ ಹತ್ತಕ್ಕೆ ಬರಕ್ಕಿಲ್ಲ ನಿಂಗೆ. ನಾಕು ಕಾಲಲ್ಲಿ ಹತ್ತು.”

ಹೊರೆಯನ್ನು ಮತ್ತೆ ಕಟ್ಟಿಸಿ ಬೆನ್ನ ಮೇಲೆ ಹೇರಿಸಿದ. ತಿಬೊ ಮಂಡಿ, ಅಂಗೈ ಊರಿಕೊಂಡು ಹಲಗೆ ಹತ್ತತೊಡಗಿದ. ಬಾಲ್ದೊ ಹಿಂದಿನಿಂದ ಕೋಣ ಹೊಡೆಯುವವನ ಹಾಗೆ ನಾಲಿಗೆ ಲೊಚಗುಟ್ಟಿದ. ಮೊದಲು ನಕ್ಕವನು ಲಾರಿಯ ಡ್ರೈವರ್. ಆಮೇಲೆ ಕಬ್ಬು ಕಡಿಯುವ ಸಾಲೆಲ್ಲ ನಕ್ಕಿತು. ಕೂಲಿಗಳ ಸಂಘ ಕಟ್ಟುತ್ತಿದ್ದ ರೊಸೆಂದೊ ಕೂಡ ನಕ್ಕ. ಅವನದು ಕೆಟ್ಟ ಮನಸ್ಸಲ್ಲ. ಬಿಸಿಲಲ್ಲಿ ಬೆಂದವರಿಗೆ ನಗುವುದಕ್ಕೆ ಏನು ಸಿಕ್ಕಿದರೂ ಸಾಕಾಗಿರುತ್ತದೆ. ಮೇಲೆ ಹತ್ತಿ ಹೊರೆ ಇಳಿಸಿದ ತಿಬೊನೂ ನಮ್ಮ ಕಡೆ ತಿರುಗಿ ಹಲ್ಲು ಕಿರಿದ. ಅವತ್ತಿನ ಆ ಮುಖವನ್ನು ನಾನು ಈಗಲೂ ಮರೆತಿಲ್ಲ.

ನಾನು ಪೆತ್ರೊನಿಲಾ. ಮನೀಲಾದ ದಕ್ಷಿಣಕ್ಕಿರುವ ನೀಗ್ರೋಸ್ ದ್ವೀಪದಲ್ಲಿ ಓನೋರಿಯೊ ಧಣಿಯ ಕಬ್ಬಿನ ತೋಟದ ಕೂಲಿಯವಳು, ಕರೆ ಬಂದಾಗ ಸೂಲಗಿತ್ತಿ. ಕೂಲಿಗಳ ಗುಡಿಸಲು ಸಾಲಿನ ಮಕ್ಕಳೆಲ್ಲ ನನ್ನ ಕೈಯಲ್ಲೇ ಭೂಮಿಗೆ ಬಿದ್ದವು. ಎಲ್ಲರಿಗೂ ನಾನು ನಿಲಾವ್ವ. ಸೂಲಗಿತ್ತಿಗೆ ಯಾರ ಮನೆಯ ಗುಟ್ಟು ತಾನೆ ಗೊತ್ತಿರುವುದಿಲ್ಲ? ನಾನೇನಾದರೂ ಬಾಯಿ ಬಿಟ್ಟಿದ್ದರೆ ಧಣಿಯ ಬಂಗಲೆಯ ಮಾನವೇ ಮೊದಲು ಬೀದಿಗೆ ಬೀಳುತ್ತಿತ್ತು.

ತಿಬೊನ ಬಾಯಿ ಅಂಥದ್ದಲ್ಲ. ಒಂದು ಮಾತು ಅವನ ಕಿವಿಗೆ ಬಿದ್ದರೆ ಹೊತ್ತು ಮುಳುಗುವುದರೊಳಗೆ ಸಾಲಿನ ನಾಯಿಗಳಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಸಂಘದವರು ಅವನನ್ನು ಬಾಗಿಲಲ್ಲೇ ಇಟ್ಟಿದ್ದರು. ಇಗರ್ಜಿಯ ಹಿಂದೆ ಕೂತು ಕೂಲಿ ಹೆಚ್ಚಿಸುವ ಮಾತಾಡುವಾಗ, ಮುಖ್ಯವಾದ ವಿಚಾರ ಬಂತು ಅನ್ನುವಷ್ಟರಲ್ಲಿ ಯಾರಾದರೊಬ್ಬರು, “ತಿಬೊ, ನೀರು ತಗಂಬಾ ಹೋಗು” ಅನ್ನುತ್ತಿದ್ದರು. ಅವನು ಕೊಡ ಹೊತ್ತು ಬರುವ ಹೊತ್ತಿಗೆ ಮಾತು ಮುಗಿದಿರುತ್ತಿತ್ತು. ಏನು ಮಾತಾಡಿದಿರಿ ಎಂದು ಕೇಳಿದರೆ ನಿನ್ನ ಎರಡನೇ ಮದುವೆಯ ಮಾತು ಎಂದು ತಮಾಷೆ ಮಾಡುತ್ತಿದ್ದರು. ಅವನೂ ನಗುತ್ತಿದ್ದ.

ಕೂಲಿಗಾಗಿ ಸಂಘ ಹೂಡಿದ ಮುಷ್ಕರ ಮುರಿದ ವರ್ಷ ಮನೀಲಾದ ಕಡೆಯಿಂದ ಸಿಪಾಯಿಗಳು ಬಂದು ಧಣಿಯ ಸಕ್ಕರೆ ಗೋದಾಮಿನಲ್ಲಿ ಬೀಡುಬಿಟ್ಟರು. ರೊಸೆಂದೊ ಹೆಂಡತಿಯನ್ನು ಕರೆದುಕೊಂಡು ಬೆಟ್ಟ ಹತ್ತಿದ, ಅಲ್ಲಿ ಬಂದೂಕು ಹಿಡಿದವರನ್ನು ಸೇರಿಕೊಂಡ. ಆರೇಳು ತಿಂಗಳ ನಂತರ ಅವನ ಹೆಂಡತಿ ಅಂಪಾರೊ ತುಂಬು ಬಸುರಿಯಾಗಿ ಕಬ್ಬಿನ ನಡುವೆ ನುಸುಳಿಕೊಂಡು ಅತ್ತೆ ಲುದೋವಿನಾಳ ಗುಡಿಸಲಿಗೆ ಬಂದಳು. ನಾನು ಹೆರಿಗೆ ಮಾಡಿಸಿದೆ. ಹೆಣ್ಣು ಕೂಸು. ಅಂಪಾರೊ ಕೂಸನ್ನು ನಮಗೆ ಬಿಟ್ಟು, ಹಾಲು ಇಂಗಲೆಂದು ಎದೆಗೆ ಬಟ್ಟೆ ಬಿಗಿದುಕೊಂಡು, ಹಿಂತಿರುಗಿ ನೋಡದೆ ಮತ್ತೆ ಬೆಟ್ಟ ಹತ್ತಿದಳು. ಅದೇ ವಾರ ಪಕ್ಕದ ಗುಡಿಸಲಿನ ಕ್ಲೆಮಿಂಗಳಿಗೆ ಸತ್ತ ಕೂಸು ಹುಟ್ಟಿತ್ತು. ಅದನ್ನು ಮಣ್ಣು ಮಾಡಿದ್ದೂ ನಾನೇ, ಇದನ್ನು ತಂದು ಅವಳ ಎದೆಗೆ ಹಚ್ಚಿದ್ದೂ ನಾನೇ. ಪಿಲಿತಾ ಎಂದು ಹೆಸರಿಟ್ಟಳು. ಈ ಗುಟ್ಟು ಗೊತ್ತಿದ್ದದ್ದು ಊರಲ್ಲಿ ನಮ್ಮ ಮೂವರಿಗೆ. ಕ್ಲೆಮಿಂಗ್ ತನ್ನ ಗಂಡನಿಗೂ ಹೇಳಿರಲಿಲ್ಲ.

ಗುಟ್ಟು ಹೊರಬಿದ್ದರೆ ಏನಾಗುತ್ತದೆಂದು ನಾವು ಕಂಡಿದ್ದೆವು. ಹೊಳೆಯಾಚೆಯ ತೋಟದಲ್ಲಿ ಒಬ್ಬ ಬೆಟ್ಟದವನ ಮಗುವನ್ನು ಸಿಪಾಯಿಗಳು ಬೀಡಿನಲ್ಲಿಟ್ಟುಕೊಂಡು ಅದರ ಅಂಗಿಯನ್ನು ಬೇಲಿಗೆ ತೂಗುಹಾಕಿದ್ದರು. ಅಪ್ಪ ಇಳಿದು ಬಂದ. ಬೇಲಿಯ ಬಳಿಯೇ ಹೊಡೆದು ಕೆಡವಿದರು. ಮಗು ಆಮೇಲೆ ಎಲ್ಲಿಗೆ ಹೋಯಿತೆಂದು ಇವತ್ತಿಗೂ ತಿಳಿಯದು.

ಪಿಲಿತಾಗೆ ಎರಡು ತುಂಬುವ ಹೊತ್ತಿಗೆ ಲುದೋವಿನಾ ಹಾಸಿಗೆ ಹಿಡಿದಳು. ಕಬ್ಬು ಅರೆದು ಮುಗಿದು ಕೂಲಿ ಇಲ್ಲದ ತಿಂಗಳುಗಳು ಅವು. ನಾವು ಅವಕ್ಕೆ ಸತ್ತ ತಿಂಗಳು ಅಂತಲೇ ಅನ್ನುತ್ತೇವೆ. ಅವಳ ಗುಡಿಸಲಿನ ಸೂರು ಸೋರುತ್ತಿದೆ ಎಂದು ತಿಬೊ ಯಾರೂ ಹೇಳದೆ ಹೋಗಿ ಸೋಗೆ ಹೊದಿಸಿಕೊಡುತ್ತಿದ್ದ. ಮುದುಕಿ ಜ್ವರದ ಅಮಲಿನಲ್ಲಿ ಕೆಳಗಿನಿಂದ ಒಂದೇ ಸಮನೆ ಗೊಣಗುತ್ತಿದ್ದಳು. “ರೊಸೆಂದೊನ ಕೂಸು ಗಂಜಿ ಕುಡೀತಾ? ರೊಸೆಂದೊನ ಕೂಸು ಮಲಗ್ತಾ?”

ತಿಬೊ ಸೂರಿನ ಮೇಲೆ ಕೈಯಲ್ಲಿ ಸೋಗೆ ಹಿಡಿದುಕೊಂಡು ಹಾಗೇ ಕೂತುಬಿಟ್ಟನಂತೆ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೊಂದು ಗುಟ್ಟು ಸಿಕ್ಕಿತ್ತು. ಇದನ್ನೆಲ್ಲ ನನಗೆ ಆಮೇಲೆ ಹೇಳಿದವಳು ಅವನ ಹೆಂಡತಿ ಬಾಸ್ಯೋನ್. ಅವನು ಅದನ್ನು ಮೊದಲು ಒಯ್ದದ್ದು ಸಂಘದವರ ಬಳಿಗೇ. ಅಳಿದುಳಿದ ನಾಲ್ಕೈದು ಜನ ಇಗರ್ಜಿಯ ಹಿಂದೆ ಕೂತಿದ್ದರು. ನಂಗೊಂದು ವಿಷ್ಯ ಗೊತ್ತು ಎಂದನಂತೆ. ಅವರಲ್ಲೊಬ್ಬ ತಲೆ ಎತ್ತದೆ, “ಬಾ ತಿಬೊ, ಒಳ್ಳೆ ಹೊತ್ತಿಗೆ ಬಂದೆ. ಒಂಚೂರು ನೀರು ತಗಂಬಾ” ಎಂದ. ತಿಬೊ ನೀರು ತಂದಿಟ್ಟ. ಬಾಯಿ ಬಿಡದೆ ಮನೆಗೆ ಹೋದ.

ಮಾರನೆಯ ವಾರ ಬೀಡಿಗೆ ಸೌದೆ ಹೊರಲು ಹೋದವನನ್ನು ಅಲ್ಲಿಯ ಸಾರ್ಜೆಂಟು ತಡೆದು ನಿಲ್ಲಿಸಿದ. ಹೊಡೆಯಲಿಲ್ಲ, ಬಯ್ಯಲಿಲ್ಲ. ಕುರ್ಚಿ ಎಳೆದು ಕೂರಿಸಿದ. ಕಾಫಿಗೆ ಸಕ್ಕರೆ ಹಾಕಿ ಕಲಕಿ ಕೊಟ್ಟ. ನಾವು ಕಡಿದ ಕಬ್ಬಿನ ಸಕ್ಕರೆ ನಮ್ಮ ಲೋಟಕ್ಕೆ ಎಂದೂ ಬಿದ್ದದ್ದಲ್ಲ. ಆದರೆ ತಿಬೊ ಮನೆಗೆ ಬಂದು ಹೆಂಡತಿಯ ಮುಂದೆ ಸಕ್ಕರೆಯ ವಿಷಯ ಎತ್ತಲೇ ಇಲ್ಲವಂತೆ. “ನನ್ನ ಪೂರ್ತಿ ಹೆಸರು ಕೇಳ್ದ ಕಣೆ,” ಎಂದನಂತೆ. “ತಿಬುರ್ಸಿಯೊ ಅವರೇ, ನಿಮಗೇನನ್ಸುತ್ತೆ ಅಂದ. ನಾ ಮಾತಾಡ್ತಾ ಇರೋವರ್ಗೂ ಒಂದ್ಸಲಾನೂ ನಡುವೆ ಬಾಯಿ ಹಾಕ್ಲಿಲ್ಲ.”

ಮೊದಲ ದಿನ ಮಳೆ, ಕಬ್ಬು, ಬಾಲ್ದೊನ ಕಳ್ಳತನ ಇಷ್ಟನ್ನೇ ಮಾತಾಡಿದ. ಎರಡನೆಯ ಸಲ ಹೋದಾಗ ಹೇಳುವುದಕ್ಕೆ ಬೇರೇನೂ ಉಳಿದಿರಲಿಲ್ಲ. ಎದುರಿಗೆ ಕೂತವನು ಕಾಯುತ್ತಿದ್ದ. ರೊಸೆಂದೊಗೆ ಈ ಸಾಲಿನಲ್ಲಿ ಒಂದು ಕೂಸಿದೆ ಎಂದುಬಿಟ್ಟ. ಯಾರ ಮನೆಯಲ್ಲಿ ಎಂದರೆ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಆ ಕುರ್ಚಿಯಿಂದ ಏಳಬೇಕು. ಸ್ವಲ್ಪ ತಡೀರಿ, ಪತ್ತೆ ಮಾಡ್ತೀನಿ ಎಂದ.

ಊರಿಗೆ ಗಾಳಿ ಮುಟ್ಟಿತು. ಯಾರೋ ಬೀಡಿಗೆ ಸುದ್ದಿ ಹೇಳುತ್ತಿದ್ದಾರೆ ಎಂದು ಗೊತ್ತು, ಯಾರೆಂದು ಗೊತ್ತಿಲ್ಲ. ನೀರಿನ ಕಟ್ಟೆಯಲ್ಲಿ ಮಾತು ಸತ್ತುಹೋಯಿತು. ಹೆಂಗಸರು ಕೊಡ ತುಂಬಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಹೋಗುತ್ತಿದ್ದರು. ಅಕ್ಕತಂಗಿಯರು ಅಕ್ಕತಂಗಿಯರನ್ನು ಅನುಮಾನಿಸಿದರು. ನನಗಂತೂ ಒಲೆಯ ಮುಂದೆ ಒಬ್ಬಳೇ ಕೂತಿದ್ದರೂ ಹಿಂದೆ ಯಾರೋ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ತಿರುಗಿ ನೋಡಿದರೆ ಗೋಡೆ. ಅಂಥ ದಿನಗಳಲ್ಲಿ ಬದುಕಿದವರಿಗೆ ದೆವ್ವದ ಕಥೆ ಬೇರೆ ಹೇಳಬೇಕಿಲ್ಲ.

ಲುದೋವಿನಾ ಸಾಯುವ ದಿನ ಜ್ವರ ಇಳಿದು ಮಾತು ತಿಳಿಯಾಗಿತ್ತು. ನನ್ನ ಮುಂಗೈ ಹಿಡಿದುಕೊಂಡಳು.

“ನಿಲಾ, ಆ ಕೂಸ್ನ ನನ್ನ ಪೆಟ್ಗೆ ಮ್ಯಾಲೆ ದಾಟಿಸ್ಬುಡು.”

ನಮ್ಮಲ್ಲಿ ಹೆಣ ಮನೆಯಿಂದ ಏಳುವ ಮುಂಚೆ ಸತ್ತವರ ರಕ್ತದ ಎಳೆಮಕ್ಕಳನ್ನು ಶವಪೆಟ್ಟಿಗೆಯ ಮೇಲೆ ದಾಟಿಸುತ್ತಾರೆ. ಒಬ್ಬರು ಈಚೆಯಿಂದ ಕೊಡಬೇಕು, ಒಬ್ಬರು ಆಚೆಯಿಂದ ಎತ್ತಿಕೊಳ್ಳಬೇಕು. ಹಾಗೆ ದಾಟಿದ ಮಗುವಿನ ಹಂಬಲ ಸತ್ತವರಿಗೆ ಬಿಟ್ಟುಹೋಗುತ್ತದೆ. ದಾಟಿಸದಿದ್ದರೆ ಅವರು ಮಗುವನ್ನು ನೋಡಲು ಬರುತ್ತಾರೆ, ಮಗು ಸೊರಗುತ್ತದೆ, ಕೊನೆಗೆ ಜೊತೆಗೇ ಹೊರಟುಬಿಡುತ್ತದೆ.

ಸಿಪಾಯಿಗಳ ಕಣ್ಣಮುಂದೆ ಅದು ಹೇಗೆ ಸಾಧ್ಯ ಎಂದೆ. ನೀನೇ ಸಮಾಧಾನ ಮಾಡಿಕೊಂಡು ಹೋಗು ಎಂದು ಬೇಡಿಕೊಂಡೆ.

“ನನ್ನ ನಂಬಬ್ಯಾಡ ಕಣೆ,” ಎಂದಳು. “ಬದುಕಿದ್ದಾಗ ಒಂದ್ಸಲಾನೂ ನನ್ನ ಮೊಮ್ಮಗಳು ಅಂತ ಎತ್ಕಳ್ಳಕ್ಕಾಗ್ಲಿಲ್ಲ. ಸತ್ತಮ್ಯಾಲೆ ಯಾರು ತಡೀತಾರೆ ನನ್ನ? ಬಂದೇ ಬತ್ತೀನಿ.”

ಶವಪೆಟ್ಟಿಗೆಗೆ ಹಲಗೆ ಕೇಳಲು ಬಂಗಲೆಗೆ ಹೋದೆ. ತೋಟದಲ್ಲಿ ಯಾರು ಸತ್ತರೂ ಧಣಿಯ ಕಡೆಯಿಂದ ಹಲಗೆ ಕೊಡುವುದು ವಾಡಿಕೆ. ಬಾಲ್ದೊ ಮೆಟ್ಟಿಲ ಮೇಲೆ ಕಾಲು ನೀಡಿಕೊಂಡು ಕೂತಿದ್ದ.

“ಬೆಟ್ಟದಾಗೆ ಬೇಕಾದಷ್ಟು ಮರ ಐತಂತಲ್ಲ. ಮಗನ್ನೇ ಕಡ್ಕಂಡು ಬರಕ್ಕೆ ಯೋಳು.”

“ಮೂವತ್ತು ವರ್ಸ ಕಬ್ಬು ಕಡ್ದವ್ಳೆ ಕಣಪ್ಪ ಆವಮ್ಮ.”

“ಅದ್ಕೆ? ಕಬ್ಬಿನಾಗೇ ಹೂಣಿ. ಒಳ್ಳೆ ಗೊಬ್ಬರ ಆಯ್ತದೆ.”

ಮಹಡಿಯ ಮೇಲೆ ಓನೋರಿಯೊ ಧಣಿ ಎಲ್ಲ ಕೇಳಿಸಿಕೊಂಡು ನಿಂತಿದ್ದ. ಅವಳ ಗುಡಿಸಲು ಅವಳ ಸ್ವಂತದ್ದೇ ತಾನೆ, ಅದಕ್ಕೊಂದು ಬಾಗಿಲಿದೆಯಲ್ಲ ಎಂದು ಅಷ್ಟೇ ಹೇಳಿ ಒಳಗೆ ಹೋದ. ನಾನು ಬಾಲ್ದೊನ ಮುಖಕ್ಕೆ ಸರಿಯಾಗಿ, “ನಿಮ್ಮವ್ವ ನಿನ್ನ ಹೆರೋ ದಿನ ನನ್ನ ಕೈ ಜಾರ್ಬೇಕಿತ್ತು ಸೂಳೆಮಗ್ನೆ” ಎಂದು ಬಂದೆ. ಲುದೋವಿನಾಳ ಬಾಗಿಲನ್ನೂ ಒಂದು ಕಡೆಯ ಗೋಡೆಯನ್ನೂ ಬಿಚ್ಚಿ ಪೆಟ್ಟಿಗೆ ಹೊಡೆದೆವು.

ಮಣ್ಣು ಮಾಡುವ ದಿನ ಬೆಳಿಗ್ಗೆ ಬಾಸ್ಯೋನ್ ಹೊಳೆಯ ಬಳಿ ನನ್ನನ್ನು ಹುಡುಕಿಕೊಂಡು ಬಂದಳು. ಸೊಂಟದ ಮೇಲೆ ಅವಳ ಮಗಳು ಬೆಬಾಂಗ್. ಪಿಲಿತಾಳ ವಾರಿಗೆಯದೇ ಕೂಸು. ಬಾಸ್ಯೋನ್ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ತಿಬೊನಿಗೆ ಬಾಯಿ ನಿಲ್ಲುತ್ತದೆಯೆ? ಕಿವಿಗೆ ಬಿದ್ದದ್ದನ್ನೆಲ್ಲ ಹೇಳುತ್ತಿದ್ದ ಹಾಗೆಯೇ ತನ್ನ ಗುಟ್ಟನ್ನೂ ಹೆಂಡತಿಗೆ ಹೇಳಿಬಿಟ್ಟಿದ್ದ.

“ಸಾರ್ಜೆಂಟ್‌ಗೆ ನಮ್ಮ ಶಾಸ್ತ್ರ ಯೋಳಿಕೊಟ್ಟವ್ನೆ ನಿಲಾವ್ವ. ಪೆಟ್ಗೆ ಮ್ಯಾಲೆ ದಾಟಿಸ್ತಾರೆ, ಸೊಂತ ಮೊಮ್ಮಕ್ಕಳ್ನ ಬುಟ್ಟು ಬ್ಯಾರೆ ಯಾವ ಕೂಸ್ನ ದಾಟಿಸ್ತಾರೋ ಅದೇ ರೊಸೆಂದೊಂದು ಅಂದವ್ನೆ. ಯಾರ ಕೂಸು ಅಂತ ನಾ ಕೇಳಕ್ಕಿಲ್ಲ. ನೀನೂ ಯೋಳ್ಬ್ಯಾಡ.”

ಹೊರಗಿನವನಿಗೆ ನಮ್ಮ ಹೆಸರು ಕೊಟ್ಟಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಇವನು ನಮ್ಮ ಸಾವಿನ ಶಾಸ್ತ್ರವನ್ನೇ ಬಿಚ್ಚಿ ತೋರಿಸಿದ್ದ. ಕ್ಲೆಮಿಂಗಳಿಗೆ ಹೋಗಿ ಹೇಳಿದೆ. ದಾಟಿಸುವುದು ಬೇಡ, ಮುದುಕಿ ಬಂದರೆ ಬರಲಿ, ನಾನೇ ಬಾಗಿಲಿಗೆ ಅಡ್ಡ ಮಲಗುತ್ತೇನೆ ಎಂದಳು.

ಬಾಗಿಲಿಲ್ಲದ ಆ ಗುಡಿಸಲಿನ ಮುಂದೆ ಎರಡು ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಸಾರ್ಜೆಂಟು ಇಬ್ಬರು ಸಿಪಾಯಿಗಳೊಡನೆ ಜೀಪಿನಲ್ಲಿ ಬಂದ. ಟೋಪಿ ತೆಗೆದು, ಸತ್ತವರಿಗೆ ಮರ್ಯಾದೆ ಕೊಡುವವನ ಹಾಗೆ ನಿಂತ. ತಿಬೊ ನಮ್ಮ ನಡುವೆಯೇ ಇದ್ದ. ಹೊಸದಾಗಿ ತಲೆ ಬಾಚಿಕೊಂಡಿದ್ದ.

ಲುದೋವಿನಾಳ ಮಗಳು ತನ್ನ ಇಬ್ಬರು ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಕೊಟ್ಟಳು. ಆಚೆಯಲ್ಲಿ ನಿಂತು ನಾನು ಎತ್ತಿಕೊಂಡೆ. ಇನ್ನು ಯಾರಾದರೂ ಉಂಟೇ ಎಂದು ಕೇಳುವುದು ಪದ್ಧತಿ. ಮಗಳು ಕೇಳಿದಳು. ಕ್ಲೆಮಿಂಗ್ ಕೂಸನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದ್ದಳು. ನನಗೆ ಪೆಟ್ಟಿಗೆಯೊಳಗಿನಿಂದ ಮುದುಕಿ ಕಿವಿಗೊಟ್ಟು ಕಾಯುತ್ತಿದ್ದಾಳೆ ಅನಿಸಿತು. ಸುಳ್ಳಲ್ಲ, ಆ ಹಲಗೆಯ ಆಚೆ ಉಸಿರು ಬಿಗಿಹಿಡಿದ ಹಾಗಿತ್ತು.

“ನಮ್ ಬೆಬಾಂಗ್‌ನೂ ದಾಟಿಸ್ರವ್ವ,” ಎಂದು ಬಾಸ್ಯೋನ್ ಮುಂದೆ ಬಂದಳು.

ಲುದೋವಿನಾಳ ಮಗಳು ತಡೆದಳು. “ನಿಂಗೇನು ರಕ್ತಸಂಬಂಧ? ಬ್ಯಾಡ. ನಮ್ಮವ್ವ ನಿನ್ನ ಕೂಸ್ನ ತನ್ದು ಅಂದ್ಕಂಡ್ರೆ?”

“ಅಂದ್ಕಳ್ಲಿ.”

ಗಂಡನ ಕಡೆ ಒಂದು ಸಲ ನೋಡಿ ಬೆಬಾಂಗಳನ್ನು ಎತ್ತಿ ಕೊಟ್ಟಳು. ನಾನು ತೆಗೆದುಕೊಂಡೆ. ಅಲ್ಲಿದ್ದ ಹೆಂಗಸರಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಜೀಪು ಕಾಣುತ್ತಿತ್ತು, ಬಾಸ್ಯೋನಳ ಮುಖವೂ ಕಾಣುತ್ತಿತ್ತು. ಮೂಲೆಯ ಗುಡಿಸಲಿನವಳು ತನ್ನ ಮಗನನ್ನು ತಂದಳು. ಅವಳ ಹಿಂದೆ ಅವಳ ವಾರಗಿತ್ತಿ. ಆಮೇಲೆ ಒಬ್ಬರ ಹಿಂದೊಬ್ಬರು. ತಮ್ಮ ಮಕ್ಕಳನ್ನು ಸತ್ತವಳ ಲೆಕ್ಕಕ್ಕೆ ಸೇರಿಸುತ್ತಿದ್ದೇವೆ ಎಂಬ ಭಯ ಎಲ್ಲರಿಗೂ ಇತ್ತು, ಆದರೂ ಕೊಟ್ಟರು. ಎಲ್ಲರ ನಡುವೆ ಕ್ಲೆಮಿಂಗಳೂ ಬಂದಳು. ಪಿಲಿತಾ ಪೆಟ್ಟಿಗೆಯ ಮೇಲೆ ತೇಲಿ ನನ್ನ ಕೈಗೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಎಲ್ಲರೂ ಅಳುತ್ತಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಸಾರ್ಜೆಂಟು ತಿಬೊನನ್ನು ಬೆರಳು ಮಾಡಿ ಕರೆದ. ಎಲ್ಲರ ಎದುರಿಗೆ ಕರೆದ. ಅಲ್ಲಿಗೆ ಸಾಲಿಗೆ ಗೊತ್ತಾಯಿತು.

“ಯಾವುದು?”

ತಿಬೊ ಹೆಂಡತಿಯ ಕಡೆ ನೋಡಿದ. ಸಾರ್ಜೆಂಟು ತಾನೇ ಲೆಕ್ಕ ಹಾಕಿದ. ಮನೆಯವರು ಬೇಡ ಎಂದರೂ ಹಟ ಮಾಡಿ ದಾಟಿಸಿದವಳು ಯಾರು? ಉಳಿದವರೆಲ್ಲ ಅವಳನ್ನು ಮರೆಮಾಡಲು ಬಂದವರು. ಸಿಪಾಯಿಯೊಬ್ಬ ಬಾಸ್ಯೋನಳ ಸೊಂಟದಿಂದ ಬೆಬಾಂಗಳನ್ನು ಕಿತ್ತುಕೊಂಡ. ಕೂಸು ಚೀರಿತು.

“ಸಾರ್, ಅದು ನನ್ನ ಕೂಸು.”

“ನಿನ್ನದಾ?” ಸಾರ್ಜೆಂಟು ನಕ್ಕ. “ಒಬ್ಬರ ಕೂಸನ್ನ ಇನ್ನೊಬ್ಬರು ತಮ್ಮದು ಅಂತ ಸಾಕ್ತಾರೆ ಅಂದವನು ನೀನೇ ಅಲ್ಲವಾ? ಮನೆಯಲ್ಲೇ ಇಟ್ಟುಕೊಂಡು ನನ್ನ ಹತ್ತಿರ ಕೂತು ಕಾಫಿ ಕುಡಿದೆಯಾ?”

“ದೇವ್ರಾಣೆ ನಂದೇ ಸಾರ್. ನಿಲಾವ್ವನ್ನ ಕೇಳಿ. ಯೋಳು ನಿಲಾವ್ವ.”

ಹೌದು, ಅವನದೇ ಎಂದೆ. ನನ್ನ ಮಾತನ್ನು ಯಾರು ಕೇಳುತ್ತಾರೆ? ಹಾಗಾದರೆ ರೊಸೆಂದೊನ ಕೂಸು ಯಾವುದು, ತೋರಿಸು, ಇದನ್ನು ಬಿಡುತ್ತೇನೆ ಎಂದ ಸಾರ್ಜೆಂಟು.

ತಿಬೊ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದ. ಅಮ್ಮಂದಿರು ಕಲ್ಲಾಗಿ ನಿಂತಿದ್ದರು. ಕ್ಲೆಮಿಂಗಳ ಬಳಿ ಅವನ ಕಣ್ಣು ನಿಂತಿತು. ಪಿಲಿತಾಳ ಹುಬ್ಬು ರೊಸೆಂದೊನದೇ, ನಡುವೆ ಕೂಡಿಕೊಂಡ ಹುಬ್ಬು. ದಿನವೂ ನೋಡುತ್ತಿದ್ದವನು ಅವತ್ತು ಕಂಡ. ಅವನಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಅವನ ಕೈ ಮೇಲೆದ್ದದ್ದನ್ನೂ ನೋಡಿದೆ. ಆ ಕೈಯಿಂದ ತನ್ನ ಮುಖ ಒರೆಸಿಕೊಂಡ.

“ಯಾವ್ದೂ ಇಲ್ಲ ಸಾರ್. ಕೂಸೂ ಇಲ್ಲ, ಎಂಥದೂ ಇಲ್ಲ. ಎಲ್ಲ ಸುಳ್ಳು ಯೋಳಿದ್ದು ನಾನು.”

“ಯಾಕೆ?”

“ನೀವು ಕೇಳ್ತಾ ಇದ್ರಲ್ಲ, ಅದ್ಕೆ.”

ಬಂದೂಕಿನ ಹಿಡಿ ಅವನ ದವಡೆಗೆ ಬಿತ್ತು. ಬಿದ್ದವನನ್ನು ಇಬ್ಬರು ಸಿಪಾಯಿಗಳು ಕಾಲು ಹಿಡಿದು ಎಳೆದು ಜೀಪಿಗೆ ಎಸೆದರು. ಬೆಬಾಂಗಳನ್ನು ನೆಲದ ಮೇಲೆ ಕೂರಿಸಿ ಹೋದರು. ನಾವು ಲುದೋವಿನಾಳನ್ನು ಹೊತ್ತು ನಡೆದೆವು.

ತಿಬೊ ಮರಳಲಿಲ್ಲ. ಬೀಡಿನಲ್ಲಿ ಕೇಳಿದರೆ ಅಂಥವನು ಇಲ್ಲಿಗೆ ಬಂದೇ ಇಲ್ಲ ಎಂದರು. ಸಾಲಿನವರು ಬಾಸ್ಯೋನಳಿಗೆ ಒಲೆಗೆ ಕೆಂಡ ಕೊಡುವುದನ್ನೂ ನಿಲ್ಲಿಸಿದರು. ಹೇಳಿಕೊಟ್ಟವನ ಹೆಂಡತಿ ಎಂದರು ಕೆಲವರು. ಕೊನೆಗೆ ಬಾಯಿ ಮುಚ್ಚಿಕೊಂಡವನ ಹೆಂಡತಿಯೂ ಹೌದಲ್ಲ ಎಂದು ನಾನು ಅಂದರೆ, ತನ್ನ ಕೂಸಿಗಾಗಿ ಮುಚ್ಚಿಕೊಂಡ, ನಮಗಾಗಿಯಲ್ಲ ಎನ್ನುತ್ತಿದ್ದರು. ರೊಸೆಂದೊನ ಕೂಸನ್ನು ತೋರಿಸಿದ್ದರೂ ಅವನ ಕೂಸು ಉಳಿಯುತ್ತಿತ್ತು. ಅದನ್ನು ನಾನು ಹೇಳುವ ಹಾಗಿರಲಿಲ್ಲ, ಹೇಳಿದರೆ ಗುಟ್ಟು ಹೊರಬೀಳುತ್ತಿತ್ತು; ತೋರಿಸುವುದಕ್ಕೆ ಅಂಥ ಕೂಸೇ ಇರಲಿಲ್ಲ ಎಂದು ಊರು ನಂಬಿತ್ತು.

ಪಿಲಿತಾ ಚೆನ್ನಾಗಿದ್ದಳು. ಲುದೋವಿನಾ ಒಂದು ಸಲವೂ ಬರಲಿಲ್ಲ. ಸೊರಗಿದವಳು ಬೆಬಾಂಗ್. ಆಡುತ್ತಿದ್ದವಳು ಇದ್ದಕ್ಕಿದ್ದಂತೆ ಬಾಗಿಲ ಕಡೆ ನೋಡಿ ಎರಡೂ ತೋಳು ಮೇಲೆತ್ತುತ್ತಿದ್ದಳಂತೆ, ಎತ್ತಿಕೋ ಎಂದು. ಆಮೇಲೆ ಊಟ ಬಿಟ್ಟಳು. ನಾನು ಸೊಪ್ಪಿನ ಹೊಗೆ ಹಾಕಿದೆ, ಕಷಾಯ ಕುಡಿಸಿದೆ. ನಾನು ನೋಡುತ್ತಿದ್ದಾಗಲೇ ಆ ಕೂಸು ಖಾಲಿ ಬಾಗಿಲಿಗೆ ತೋಳೆತ್ತಿ ನಕ್ಕಿತು.

“ಇವ್ರಪ್ಪನ ಹೆಣ ಕೊಡ್ಲಿಲ್ವಲ್ಲ ನಿಲಾವ್ವ,” ಎಂದಳು ಬಾಸ್ಯೋನ್. “ಯಾತರ ಮ್ಯಾಲೆ ದಾಟಿಸ್ಲಿ?”

ಬೀಡಿನ ಬಟ್ಟೆ ಒಗೆಯುವವಳು ಒಂದು ಮಾತು ಹೇಳಿದ್ದಳು. ಗೋದಾಮಿನ ಹಿಂದೆ, ಬೇಲಿಯ ಒಳಗೆ, ಒಂದು ಕಡೆ ಹೊಸ ಮಣ್ಣಿದೆ, ಅಲ್ಲಿ ಹುಲ್ಲು ಇನ್ನೂ ಬಂದಿಲ್ಲ. ಅದು ತಿಬೊನದೇ ಎಂದು ಯಾರು ಹೇಳಬಲ್ಲರು? ಬೇರೆ ಯಾವನದ್ದೋ ಇರಬಹುದು. ಸಿಪಾಯಿಗಳ ಪಾಯಿಖಾನೆ ಗುಂಡಿಯೂ ಇರಬಹುದು. ಬಾಸ್ಯೋನ್ ಕೂಸನ್ನು ಎತ್ತಿಕೊಂಡು ಹಾಡುಹಗಲೇ ಹೊರಟಳು. ಈ ಶಾಸ್ತ್ರ ಒಬ್ಬಳಿಂದ ಆಗುವಂಥದ್ದಲ್ಲ. ಸಾ‌ಲಿನಲ್ಲಿ ಯಾರೂ ಏಳಲಿಲ್ಲ. ನಾನು ಎದ್ದೆ.

ಬೇಲಿಯ ಬಿದಿರನ್ನು ನಾನೇ ಸರಿಸಿದೆ. ಒಳಗೆ ಹೋದೆವು. ಯಾರದು, ಅಲ್ಲೇ ನಿಲ್ಲಿ ಎಂದು ಪಹರೆಯವನು ಕೂಗಿದ. ನಿಲ್ಲಲಿಲ್ಲ. ಮಣ್ಣಿನ ಈ ಬದಿಗೆ ಬಾಸ್ಯೋನ್ ನಿಂತಳು. ನಾನು ಸುತ್ತು ಹಾಕಿ ಆ ಬದಿಗೆ ಹೋದೆ. ಕೂಸಿನ ಮೈ ಸುಡುತ್ತಿತ್ತು, ಕಣ್ಣು ಮಾತ್ರ ನೆಲವನ್ನೇ ನೋಡುತ್ತಿತ್ತು. ಪಹರೆಯವನು ಬಂದೂಕಿಗೆ ಗುಂಡು ಏರಿಸಿದ ಸದ್ದು ಕೇಳಿ ಬಾಸ್ಯೋನ್ ನನ್ನ ಮುಖ ನೋಡಿದಳು.

“ಕೊಡು,” ಎಂದು ಕೈ ಚಾಚಿದೆ.